ನೆನೆಹಾಕುವ ಮುನ್ನ ಬೀಜದ ಬಣ್ಣ ನೋಡಿ

ತರಕಾರಿ ಬೀಜ ಮೊಳೆಯುವ ರೀತಿ ಬೆಳೆಯಿಂದ ಬೆಳೆಗಷ್ಟೇ ಅಲ್ಲ, ಒಂದೇ ಬೆಳೆಯ ತಳಿಯಿಂದ ತಳಿಗೂ ಬೇರೆ. ಬೀಜದ ಸಿಪ್ಪೆ, ಒಳಗಿನ ಪಿಷ್ಟ, ಸುಪ್ತಾವಸ್ಥೆ ಇವೆಲ್ಲದರ ಮೇಲೂ ವಂಶವಾಹಿಗಳ ಹಿಡಿತವಿದೆ.

ಕಣ್ಣಾರೆ ಕಾಣಲು ಬೀನ್ಸಿನ ಬಿಳಿ ಬೀಜ, ಕರಿ ಬೀಜಗಳನ್ನು ಎರಡು ಲೋಟ ನೀರಿಗೆ ಹಾಕಿದರೆ ಸಾಕು. ಬಿಳಿಯದರ ಸಿಪ್ಪೆ ಸ್ವಲ್ಪ ಹೊತ್ತಿಗೇ ಸುಕ್ಕುಗಟ್ಟುತ್ತದೆ. ಕರಿಯದು ಸಾಮಾನ್ಯವಾಗಿ ಇನ್ನೂ ನುಣುಪಾಗಿಯೇ ಇರುತ್ತದೆ. ಬಣ್ಣವಿಲ್ಲದ ಸಿಪ್ಪೆ ಹೆಚ್ಚಾಗಿ ತೆಳು, ಬೇಳೆಗೆ ಬಿಗಿಯಾಗಿ ಅಂಟಿರುವುದಿಲ್ಲ. ನೀರು ಒಮ್ಮೆಲೇ ನುಗ್ಗಿ ಜೀವಕೋಶದ ಪೊರೆ ಹರಿಯುತ್ತದೆ, ಬೇಳೆ ಅಡ್ಡಡ್ಡ ಸೀಳುತ್ತದೆ, ಒಳಗಿನ ಸಕ್ಕರೆ ಸೋರಿ ಮಣ್ಣಿನ ಶಿಲೀಂಧ್ರಗಳಿಗೆ ಊಟವಾಗುತ್ತದೆ.

ಹೀಗಿದ್ದೂ ಯಾವ ಬೀಜವನ್ನಾದರೂ ರಾತ್ರಿಯಿಡೀ ನೆನೆಹಾಕಿ ಎಂಬ ಉಪದೇಶ ಕೈತೋಟದವರ ಬಾಯಲ್ಲಿ ನಿಂತಿಲ್ಲ. ಹಾಗಲದ ಗಟ್ಟಿ ಸಿಪ್ಪೆಗೆ ಒಗ್ಗುವ ಉಪಚಾರ ಬಿಳಿ ಬೀನ್ಸಿಗೆ ಮಾರಕ. ಬೆಳಗ್ಗೆ ಲೋಟದ ನೀರು ಮಬ್ಬಾಗಿರುವುದನ್ನು ಕಂಡೂ ಅದೇ ಬೀಜ ಬಿತ್ತಿ, ಮೊಳಕೆ ಬಾರದಾಗ ಬೀಜ ಕಳಪೆ ಎಂದು ಅಂಗಡಿಯವನ ಮೇಲೆ ಹರಿಹಾಯುವುದು ಶುದ್ಧ ಅನ್ಯಾಯ. ಸರಿಯಾದ ಉಪಾಯ ತೀರಾ ಸುಲಭ: ಹಿಂಡಿದ ಒದ್ದೆ ಬಟ್ಟೆಯ ಮಡಿಕೆಯಲ್ಲೋ ಹಸಿ ಮರಳಿನಲ್ಲೋ ಇಟ್ಟರೆ ಬೀಜ ನಿಧಾನಕ್ಕೆ ನೀರು ಹೀರಿ, ಬೇಳೆ ಒಡೆಯದೆ ಮೊಳೆಯುತ್ತದೆ.

ಬಟಾಣಿಯದೂ ಇದೇ ಕಥೆ. ಮೆಂಡೆಲ್ 1866ರ ಪ್ರಬಂಧದಲ್ಲಿ ಲೆಕ್ಕಹಾಕಿದ ಗುಂಡು–ಸುಕ್ಕು ಬೀಜಗಳ ಭೇದದ ಮೂಲ 1990ರಲ್ಲಿ ಗೊತ್ತಾಯಿತು: ಪಿಷ್ಟಕ್ಕೆ ಕವಲು ಮೂಡಿಸುವ ಕಿಣ್ವದ ವಂಶವಾಹಿಯೊಳಗೆ ಬೇರೊಂದು ಡಿಎನ್‌ಎ ತುಣುಕು ಸೇರಿಕೊಂಡಿತ್ತು. ಅದರಿಂದ ಪಿಷ್ಟ ಕಡಿಮೆಯಾಗಿ ಸಕ್ಕರೆ ಹೆಚ್ಚುತ್ತದೆ. ಸುಕ್ಕು ಬಟಾಣಿ ನಾಲಗೆಗೆ ಸಿಹಿ. ಆದರೆ ತಣ್ಣಗಿನ ಹಸಿ ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ. ಗುಂಡು ಬೀಜ ತಾಳಿಕೊಳ್ಳುತ್ತದೆ.

ಮೊಳಕೆಯ ವೇಗವೂ ಪ್ರಮಾಣವೂ ಹೀಗೆಯೇ. ಗಾಂಧಾರಿ ಮೆಣಸು ಮಾಮೂಲಿ ಮೆಣಸಿಗಿಂತ ತಡ. ಭಾರತದ ಪ್ರಮಾಣಿತ ಬೀಜ ಮಾನದಂಡದಲ್ಲೂ ಟೊಮೆಟೊಗೆ ಕನಿಷ್ಠ ಶೇ. 70 ಮೊಳಕೆ ಬೇಕು, ಮೆಣಸಿನಕಾಯಿಗೆ ಶೇ. 60 ಸಾಕು. ಸಸಿಯ ಮೊದಲ ದಿನಗಳ ಚುರುಕು ಬೀಜದ ಗಾತ್ರ, ಪಕ್ವತೆಗಳನ್ನೂ ಅವಲಂಬಿಸುವುದರಿಂದ ಅದೊಂದರಿಂದಲೇ ತಳಿಯನ್ನು ಅಳೆಯಲಾಗದು.

ನಾಟಿ ತಳಿಯ ಪಾತಿಯಲ್ಲಿ ಮೊದಲೆದ್ದ ಸಸಿಗಳನ್ನಷ್ಟೇ ಉಳಿಸಿ ಉಳಿದವನ್ನು ಕಿತ್ತೆಸೆಯುವ ಬೀಜ ಸಂರಕ್ಷಕರು ಮಾಡುವುದು ಸಂರಕ್ಷಣೆಯಲ್ಲ. ಮುಂದಿನ ಪೀಳಿಗೆಗೆ ಹೋಗಬೇಕಾದ ವೈವಿಧ್ಯವನ್ನು ಅವರೇ ಕಳೆಯುತ್ತಿದ್ದಾರೆ. ಬೀಜಕ್ಕೆಂದು ಬೆಳೆಯುವವರು ತಡವಾಗಿ ಎದ್ದ ಆರೋಗ್ಯವಂತ ಸಸಿಗಳನ್ನೂ ಉಳಿಸಿಕೊಳ್ಳಲೇಬೇಕು.