ಗಡೀಪಾರಿನ ನ್ಯಾಯಾಲಯಕ್ಕೆ ತಾಯಿಯೊಬ್ಬರ ಪತ್ರ

ಮಠದ ನೆರಳಿನಲ್ಲಿ ಬೆಳೆದು, ವ್ಯಾಕರಣ ಹಾಗೂ ವಚನಗಳ ಪಾಠದಲ್ಲಿಯೇ ಅರವತ್ತು ದಾಟಿದ ನನ್ನಂಥವನಿಗೆ ಅಮೇರಿಕದ ನ್ಯಾಯಾಲಯದ ಗೊಡವೆ ಏಕೆಂದು ವಾಚಕ ಬಂಧುಗಳು ಕೇಳಬಹುದು. ಕೇಳುವುದು ಸಹಜವೇ. ಆದರೆ ಮಗನೋ ಮಗಳೋ ಅಳಿಯನೋ ಕಡಲಾಚೆ ಇರುವ ಮನೆತನಗಳು ಇಂದು ನಮ್ಮಲ್ಲಿ ಊರೂರಿಗೂ ಇವೆ. ಅಲ್ಲಿ ಮನೆ ಕೊಂಡದ್ದು, ಮಗುವಿಗೆ ಹೆಸರಿಟ್ಟದ್ದು ಬಂಧುಬಳಗಕ್ಕೆಲ್ಲ ತಿಳಿಯುತ್ತದೆ; ಸರಕಾರದಿಂದ ನೋಟೀಸು ಬಂದ ಸುದ್ದಿ ಮಾತ್ರ ಅಡಿಗೆಮನೆಯ ಹೊಸ್ತಿಲು ದಾಟುವುದಿಲ್ಲ. ಅಂಥ ಒಂದು ನೋಟೀಸಿನ ಸಂಬಂಧವಾಗಿ 2023ರಲ್ಲಿ ನಮ್ಮ ಭಾಗದ ಒಂದು ಮನೆಯವರು ನನ್ನ ಬಳಿಗೆ ಬಂದರು. ಹೆಸರು, ಊರು ಬೇಡ. ಅವರ ಒಪ್ಪಿಗೆ ಪಡೆದು ವಿಷಯವನ್ನಷ್ಟೇ ಬರೆಯುತ್ತಿದ್ದೇನೆ.

ಆ ಮನೆಯ ಕಿರಿಯ ಮಗ ನಮ್ಮ ಮಠದ ಪ್ರಸಾದ ನಿಲಯದಲ್ಲಿದ್ದು ಎಂಟರಿಂದ ಹತ್ತನೆಯ ತರಗತಿಯವರೆಗೆ ಓದಿದವನು. ಮುಂದೆ ಇಂಜಿನಿಯರಿಂಗ್ ಮುಗಿಸಿ 2004ರಲ್ಲಿ ಕಂಪ್ಯೂಟರ್ ಕೆಲಸಕ್ಕಾಗಿ ಅಮೇರಿಕಕ್ಕೆ ಹೋದನು. 2013ರಲ್ಲಿ ಹಸಿರು ಕಾರ್ಡು ದೊರೆಯಿತು. ಇಬ್ಬರು ಮಕ್ಕಳು ಅಲ್ಲಿಯೇ ಹುಟ್ಟಿ ಅಲ್ಲಿಯ ಪೌರರಾದರು. 2018ರಲ್ಲಿ ಅವನು ಪ್ರವಾಸ ವೆಚ್ಚದ ಸುಳ್ಳು ಬಿಲ್ಲುಗಳನ್ನು ಕೊಟ್ಟು ಕಂಪನಿಯಿಂದ ಹಣ ಪಡೆದದ್ದು ಹೊರಬಿದ್ದಿತು. ಮೊತ್ತ ಕೆಲವು ಸಾವಿರ ಡಾಲರು. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡನು, ಹಣ ಮರಳಿಸಿದನು; ಸೆರೆವಾಸವಾಗಲಿಲ್ಲ. ಪ್ರಕರಣ ಅಲ್ಲಿಗೆ ಮುಗಿಯಿತೆಂದು ನಂಬಿದ್ದನು. 2022ರಲ್ಲಿ ತಂದೆ ಲಿಂಗೈಕ್ಯರಾದಾಗ ಊರಿಗೆ ಬಂದು, ಕ್ರಿಯಾವಿಧಿಗಳನ್ನು ಪೂರೈಸಿ ಹಿಂದಿರುಗಿದಾಗ ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ತಡೆದರು. ಹಳೆಯ ಶಿಕ್ಷೆಯ ದಾಖಲೆ ಅವರ ಯಂತ್ರದಲ್ಲಿತ್ತು. ಕೆಲವು ವಾರಗಳಲ್ಲಿ, ನಿನ್ನನ್ನು ಈ ದೇಶದಿಂದ ಏಕೆ ಹೊರಹಾಕಬಾರದೆಂದು ವಿಚಾರಿಸಲು ಹಾಜರಾಗು ಎಂಬ ನೋಟೀಸು ಕೈಸೇರಿತು.

ಹಸಿರು ಕಾರ್ಡೆಂದರೆ ಶಾಶ್ವತ ವಾಸದ ಪರವಾನಗಿಯೇ ಹೊರತು ಪೌರತ್ವವಲ್ಲ ಎಂಬುದನ್ನು ನಮ್ಮವರು ಮರೆಯುತ್ತಾರೆ. ‘ಶಾಶ್ವತ’ ಎಂಬ ಶಬ್ದವೇ ಅವರನ್ನು ಮೈಮರೆಸುತ್ತದೆ. ಪೌರನಲ್ಲದವನು ಎಷ್ಟೇ ವರುಷ ಅಲ್ಲಿ ಬಾಳಿದ್ದರೂ ಕೆಲವು ಬಗೆಯ ಅಪರಾಧಗಳಿಗಾಗಿ ಅವನನ್ನು ಹೊರಹಾಕಬಹುದು. ಆದುದರಿಂದಲೇ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ತಪ್ಪೊಪ್ಪಿಕೊಂಡರೆ ಗಡೀಪಾರಿನ ಅಪಾಯವಿದೆಯೆಂದು ಕಕ್ಷಿಗಾರನಿಗೆ ತಿಳಿಸುವುದು ಅಪರಾಧ ಪ್ರಕರಣದ ವಕೀಲನ ಕರ್ತವ್ಯವೆಂದು ಹೇಳಿತು. ನಮ್ಮ ಹುಡುಗನಿಗೆ ಅವನ ಮೊದಲ ವಕೀಲರು ‘ಜೈಲಿಲ್ಲ, ಸಹಿ ಮಾಡು’ ಎಂದಷ್ಟೇ ಹೇಳಿದ್ದರಂತೆ.

ಈ ಬಗೆಯ ವಿಚಾರಣೆಯ ಹಿಂದೆ ಒಂದು ಹಳೆಯ ಕಥೆಯಿದೆ. 1892ರಲ್ಲಿ ಅಮೇರಿಕವು ಚೀನೀ ಕೂಲಿಕಾರರೆಲ್ಲರೂ ವಾಸದ ಪ್ರಮಾಣಪತ್ರ ಹೊಂದಿರಬೇಕೆಂದು ಕಾಯಿದೆ ಮಾಡಿತು. ಪತ್ರವಿಲ್ಲದೆ ಸಿಕ್ಕವನು ತಾನು ಮೊದಲಿನಿಂದ ಅಲ್ಲಿದ್ದೆನೆಂದು ಸಾಧಿಸಬೇಕಾದರೆ ನಂಬತಕ್ಕ ಒಬ್ಬ ಬಿಳಿಯನ ಸಾಕ್ಷಿ ಬೇಕಾಗಿತ್ತು. ನೆರೆಯ ಚೀನೀಯನು, ಒಂದೇ ಕೋಣೆಯಲ್ಲಿ ವಾಸಿಸಿದವನು ಹೇಳಿದರೂ ನಡೆಯುತ್ತಿರಲಿಲ್ಲ. 1893ರಲ್ಲಿ ಮೂವರು ಚೀನೀಯರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಬಹುಮತದ ತೀರ್ಪು ಅವರ ವಿರುದ್ಧವಾಯಿತು. ಗಡೀಪಾರು ಶಿಕ್ಷೆಯಲ್ಲ, ಕೇವಲ ಆಡಳಿತ ಕ್ರಮ ಎಂದು ನ್ಯಾಯಾಲಯ ಸಾರಿತು. ಹತ್ತು ವರುಷಗಳ ಅನಂತರ, 1903ರಲ್ಲಿ, ಜಪಾನಿನ ಯುವತಿಯೊಬ್ಬಳ ಪ್ರಕರಣದಲ್ಲಿ, ಹೊರಹಾಕುವ ಮೊದಲು ಅವರ ಮಾತನ್ನು ಕೇಳುವ ಅವಕಾಶವಿರಬೇಕೆಂಬ ತತ್ತ್ವವನ್ನು ಒಪ್ಪಿಕೊಂಡಿತು. ಇಂದಿನ ವ್ಯವಸ್ಥೆ ಈ ಎರಡು ತೀರ್ಪುಗಳ ನಡುವೆ ನಿಂತಿದೆ. ಮಾತನ್ನು ಕೇಳುತ್ತಾರೆ, ಆದರೆ ಶಿಕ್ಷೆಯಲ್ಲವಾದ್ದರಿಂದ ಪಂಚರಿಲ್ಲ, ಬಡವನಿಗೆ ಸರಕಾರಿ ಖರ್ಚಿನ ವಕೀಲನೂ ಇಲ್ಲ. ಸ್ವಂತ ಹಣದಿಂದ ವಕೀಲನನ್ನು ಇಟ್ಟುಕೊಳ್ಳಬಹುದು. ಇಲ್ಲದವನು, ಅನೇಕ ವೇಳೆ ಎಳೆಯ ಮಕ್ಕಳು ಸಹ, ಸರಕಾರದ ವಕೀಲರೆದುರು ಒಂಟಿಯಾಗಿ ನಿಲ್ಲಬೇಕು. ಹೆಂಡತಿ ಮಕ್ಕಳಿಂದ ಅಗಲಿಸಿ ಇಪ್ಪತ್ತು ವರುಷದ ಬಾಳನ್ನು ಕಿತ್ತೆಸೆಯುವುದು ಶಿಕ್ಷೆಯಲ್ಲವಾದರೆ ಮತ್ತಾವುದು ಶಿಕ್ಷೆಯೋ ನನ್ನ ಅಲ್ಪಮತಿಗೆ ತಿಳಿಯದು.

ಪರದೇಶವನ್ನು ಮಾತ್ರ ದೂರುವುದೂ ಸಲ್ಲದು. ನಮ್ಮ 1946ರ ವಿದೇಶಿಯರ ಕಾಯಿದೆಯಲ್ಲಿ ತಾನು ವಿದೇಶಿಯನಲ್ಲವೆಂದು ಸಾಧಿಸುವ ಭಾರವನ್ನು ಆ ಮನುಷ್ಯನ ಮೇಲೆಯೇ ಹೊರಿಸಲಾಗಿತ್ತು. ಅದರ ಜಾಗಕ್ಕೆ ಬಂದ 2025ರ ಕಾಯಿದೆಯಲ್ಲಿಯೂ ಅದೇ ನಿಯಮವಿದೆ.

ಅಲ್ಲಿಯ ವಲಸೆ ನ್ಯಾಯಾಲಯ ನಮ್ಮ ಜಿಲ್ಲಾ ನ್ಯಾಯಾಲಯದಂಥದಲ್ಲ. ಅದು ಸ್ವತಂತ್ರ ನ್ಯಾಯಾಂಗಕ್ಕೆ ಸೇರಿದ್ದೇ ಅಲ್ಲ; ನ್ಯಾಯ ಇಲಾಖೆಯ ಒಂದು ಅಂಗ. ನ್ಯಾಯಾಧೀಶರನ್ನು ನೇಮಿಸುವವರು ಅಟಾರ್ನಿ ಜನರಲ್. 2025ರಲ್ಲಿ ಅಂಥ ಅನೇಕ ನ್ಯಾಯಾಧೀಶರನ್ನು ಕೆಲಸದಿಂದ ತೆಗೆದುಹಾಕಿದಾಗ ಈ ಭೇದದ ಅರ್ಥ ಎಲ್ಲರಿಗೂ ತಿಳಿಯಿತು. ಮೊದಲು ನಡೆಯುವುದು ಕಿರು ವಿಚಾರಣೆ. ಹತ್ತಾರು ಜನರನ್ನು ಒಂದೇ ಬೆಳಗ್ಗೆ ಕರೆದು, ಆರೋಪಗಳನ್ನು ಓದಿ, ಒಪ್ಪುವೆಯಾ ಅಲ್ಲಗಳೆಯುವೆಯಾ ಎಂದು ಕೇಳಿ, ಮುಂದಿನ ದಿನಾಂಕ ಕೊಡುತ್ತಾರೆ. ಅನಂತರ ತಿಂಗಳುಗಳೋ ವರುಷಗಳೋ ಕಳೆದ ಮೇಲೆ ಪೂರ್ಣ ವಿಚಾರಣೆ. 2024ರ ಕೊನೆಗೆ ಮೂವತ್ತು ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಅಲ್ಲಿ ಕೊಳೆಯುತ್ತಿದ್ದವು. ಈ ನಡುವೆ ಮನೆ ಬದಲಾಯಿಸಿದರೆ 5 ದಿನಗಳೊಳಗೆ ನ್ಯಾಯಾಲಯಕ್ಕೆ ತಿಳಿಸಬೇಕು. ಕರೆದ ದಿನ ಹೋಗದಿದ್ದರೆ ಗೈರುಹಾಜರಿಯಲ್ಲಿಯೇ ಗಡೀಪಾರಿನ ಆಜ್ಞೆಯಾಗುತ್ತದೆ. 2025ರಲ್ಲಿ ವಿಚಾರಣೆಗೆ ಬಂದವರನ್ನು ನ್ಯಾಯಾಲಯದ ಪಡಸಾಲೆಯಲ್ಲಿಯೇ ಬಂಧಿಸಿದ ಪ್ರಸಂಗಗಳು ನಡೆದವು. ಹೋದರೆ ಹಿಡಿಯುವ ಭಯ, ಹೋಗದಿದ್ದರೆ ಕೇಳದೆಯೇ ಆಜ್ಞೆ. ಆದರೂ ತಪ್ಪಿಸಿಕೊಂಡವನಿಗೆ ಉಳಿಯುವ ದಾರಿ ಬಹಳ ಕಿರಿದು. ವಕೀಲರನ್ನು ಕೇಳಿ, ಅವರೊಡನೆ ಹೋಗುವುದೇ ಲೇಸು.

ರಕ್ಷಣೆಯ ಮಾರ್ಗಗಳು ಹಲವು. ಆರೋಪವನ್ನೇ ಅಲ್ಲಗಳೆಯಬಹುದು, ಪೌರನಲ್ಲದವನೆಂದು ತೋರಿಸಬೇಕಾದ ಹೊಣೆ ಸರಕಾರದ್ದು. ಹಳೆಯ ಶಿಕ್ಷೆ ಕಾಯಿದೆ ಹೇಳಿದ ವರ್ಗಕ್ಕೆ ಸೇರುವುದಿಲ್ಲವೆಂದು ವಾದಿಸಬಹುದು. ಸ್ವದೇಶದಲ್ಲಿ ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಯಾವುದೋ ಸಾಮಾಜಿಕ ಗುಂಪಿಗೆ ಸೇರಿದ ಕಾರಣದಿಂದ ಹಿಂಸೆಗೆ ಗುರಿಯಾಗುವವನು ಆಶ್ರಯ ಬೇಡಬಹುದು. ಸಾಮಾನ್ಯವಾಗಿ ದೇಶ ಸೇರಿದ ಒಂದು ವರುಷದೊಳಗೆ ಬೇಡಬೇಕು. ಕಾಗದಪತ್ರವಿಲ್ಲದೆ 10 ವರುಷ ಬಾಳಿದವನು, ಪೌರರಾದ ಮಡದಿ ಮಕ್ಕಳಿಗೆ ಅಥವಾ ತಂದೆತಾಯಿಗೆ ಅಸಾಧಾರಣ ಕಷ್ಟ ಒದಗುವುದೆಂದು ಸಾಧಿಸಿದರೆ ಉಳಿಯಬಹುದು. ಅಂಥ ಅನುಮತಿಗಳು ವರುಷಕ್ಕೆ 4,000 ಮಾತ್ರ. ಏನೂ ಇಲ್ಲದವನು ತಾನಾಗಿಯೇ ಹೊರಟುಹೋಗಲು ಅಪ್ಪಣೆ ಕೇಳಬಹುದು. ಆಗ ಗಡೀಪಾರಿನ ಆಜ್ಞೆಯ ಕಳಂಕ ತಪ್ಪುತ್ತದೆ.

ಆಶ್ರಯದ ವಿಷಯದಲ್ಲಿ ಒಂದು ಮಾತು. 2025ರ ಫೆಬ್ರವರಿ 5ರಂದು ಅಮೇರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ಕೈಕೋಳ ತೊಡಿಸಿ ಅಮೃತಸರಕ್ಕೆ ತಂದಿಳಿಸಿತು. ಪಂಜಾಬ, ಹರಿಯಾಣ, ಗುಜರಾತಗಳ ಮಕ್ಕಳೇ ಅವರಲ್ಲಿ ಬಹಳ. ಹೊಲ ಮಾರಿ ದಲ್ಲಾಳಿಗಳಿಗೆ ಲಕ್ಷಗಟ್ಟಲೆ ಹಣ ಸುರಿದು, ಕಾಡು ನದಿಗಳನ್ನು ದಾಟಿ ಆ ಗಡಿ ಮುಟ್ಟುವವರ ಪಾಡಿದು. ಇಂಥವರಿಗೆ ದಲ್ಲಾಳಿಗಳು ಹಾದಿಯ ಜೊತೆಗೆ ಒಂದು ಕಥೆಯನ್ನೂ ಮಾರುವುದುಂಟು. ಬೇಕೆಂದೇ ಸುಳ್ಳು ಹೇಳಿ ಆಶ್ರಯ ಬೇಡಿದನೆಂದು ನ್ಯಾಯಾಧೀಶರು ನಿರ್ಣಯಿಸಿದರೆ ಆ ದೇಶದ ವಲಸೆ ಸೌಲಭ್ಯಗಳ ಬಾಗಿಲು ಅವನಿಗೆ ಶಾಶ್ವತವಾಗಿ ಮುಚ್ಚುತ್ತದೆ.

ನಮ್ಮ ಹುಡುಗನಿಗೆ ಹೊಸ ವಕೀಲರು ಆರಿಸಿದ್ದು ಹಸಿರು ಕಾರ್ಡಿನವರಿಗೆಂದೇ ಇರುವ ಒಂದು ಮಾರ್ಗ. ನ್ಯಾಯಸಮ್ಮತವಾಗಿ ಪ್ರವೇಶಿಸಿ 7 ವರುಷದ ನಿರಂತರ ವಾಸ, ಕಾರ್ಡು ದೊರೆತು 5 ವರುಷ, ಕಾಯಿದೆ ‘ಘೋರ’ವೆಂದು ಕರೆದ ಅಪರಾಧ ಇಲ್ಲದಿರುವುದು: ಈ ಮೂರೂ ಇದ್ದರೆ ಗಡೀಪಾರನ್ನು ರದ್ದುಪಡಿಸೆಂದು ಬೇಡಬಹುದು. ವಂಚನೆಯ ಮೊತ್ತ 10,000 ಡಾಲರು ಮೀರಿದ್ದರೆ ಈ ದಾರಿಯೂ ಇರುತ್ತಿರಲಿಲ್ಲ. ಆದರೆ ಅರ್ಹತೆ ಇದ್ದ ಮಾತ್ರಕ್ಕೆ ಸಾಲದು. ನ್ಯಾಯಾಧೀಶರು ಒಂದು ತಟ್ಟೆಯಲ್ಲಿ ತಪ್ಪನ್ನೂ ಇನ್ನೊಂದರಲ್ಲಿ ಅವನ ಇಡೀ ಬಾಳನ್ನೂ ಇಟ್ಟು ತೂಗುತ್ತಾರೆ. ಸಂಸಾರ, ದುಡಿಮೆ, ತೆರಿಗೆ, ನೆರೆಹೊರೆಗೆ ಮಾಡಿದ ಉಪಕಾರ, ಪಶ್ಚಾತ್ತಾಪ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇವೆಲ್ಲಕ್ಕೂ ಕಾಗದ ಬೇಕು.

ವಕೀಲರು ಕಳಿಸಿದ ಪಟ್ಟಿ ಹಿಡಿದುಕೊಂಡು ಹಿರಿಯ ಮಗ ನನ್ನಲ್ಲಿಗೆ ಬಂದದ್ದು ಆಗ. ಕನ್ನಡದ ದಾಖಲೆಗಳಿಗೆಲ್ಲ ಇಂಗ್ಲಿಷ್ ಅನುವಾದ ಬೇಕು. ಅನುವಾದಕನು ತನಗೆ ಎರಡೂ ಭಾಷೆ ಬರುತ್ತವೆಂದೂ ಅನುವಾದ ಯಥಾರ್ಥವೆಂದೂ ಸಹಿ ಮಾಡಬೇಕು. ನಿವೃತ್ತರಾದ ಇಂಗ್ಲಿಷ್ ಅಧ್ಯಾಪಕರೊಬ್ಬರನ್ನು ಜೊತೆ ಮಾಡಿಕೊಂಡು ಕುಳಿತೆ. ತೊಡಕು ಮೊದಲ ಹಾಳೆಯಲ್ಲಿಯೇ ಎದುರಾಯಿತು. ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1. ಗ್ರಾಮದ ಜನನ ನೋಂದಣಿಯಲ್ಲಿ ಅಕ್ಟೋಬರ್. ನಮ್ಮ ಹಳ್ಳಿಗಳಲ್ಲಿ ಒಂದನೆಯ ತರಗತಿಗೆ ಸೇರಿಸುವಾಗ ಗುರುಗಳು ಅರ್ಧ ಊರಿಗೇ ಜೂನ್ 1 ಬರೆದುಬಿಡುತ್ತಿದ್ದರೆಂದು ಅಮೇರಿಕದ ನ್ಯಾಯಾಧೀಶರಿಗೆ ಹೇಗೆ ಗೊತ್ತಾಗಬೇಕು! ತಂದೆಯ ಹೆಸರು ಒಂದು ಕಡೆ ಅಡ್ಡಹೆಸರಿನೊಡನೆ, ಇನ್ನೊಂದು ಕಡೆ ಬರಿಯ ಹೆಸರು, ಮತ್ತೊಂದರಲ್ಲಿ ‘ಅಪ್ಪ’ ಹೋಗಿ ‘ಅಯ್ಯ’ ಬಂದಿತ್ತು. ಯಾವುದನ್ನೂ ತಿದ್ದಬಾರದು, ಇದ್ದುದನ್ನು ಇದ್ದಂತೆ ಅನುವಾದಿಸಿ ವ್ಯತ್ಯಾಸಕ್ಕೆ ಕಾರಣವನ್ನು ಪ್ರಮಾಣಪತ್ರದಲ್ಲಿ ಬೇರೆಯಾಗಿ ಹೇಳಬೇಕೆಂದು ವಕೀಲರು ತಿಳಿಸಿದರು. ಹಿರಿಯ ಮಗನಿಗೆ, ಪರಿಚಯದವರಿಂದ ಹೊಸ ದಾಖಲೆಯನ್ನೇ ಮಾಡಿಸಿಬಿಡುವ ಮನಸ್ಸಿತ್ತು. ಅದನ್ನು ಬಿಡಿಸಲು ಒಂದು ಸಂಜೆಯೇ ಹಿಡಿಯಿತು.

ಮುಂದೆ ಗುಣಶೀಲದ ಪತ್ರಗಳು. ‘ಈತನದು ನಿಷ್ಕಳಂಕ ಚಾರಿತ್ರ್ಯ, ಯಾವ ಅಪರಾಧವನ್ನೂ ಮಾಡಿದವನಲ್ಲ’ ಎಂದು ಬರೆದ ಕರಡನ್ನು ಹಿರಿಯ ಮಗ ತಂದಿದ್ದನು. ನಾನು ಸಹಿ ಮಾಡಿದರೆ ಸಾಕಾಗಿತ್ತು. ಅವನ ತಪ್ಪೊಪ್ಪಿಗೆಯೇ ನ್ಯಾಯಾಲಯದ ಕಡತದಲ್ಲಿರುವಾಗ ಅಂಥ ಪತ್ರದಿಂದ ಏನಾದೀತು? ಬರೆದವನು ಅರಿಯದವನು, ಇಲ್ಲವೆ ಸುಳ್ಳುಗಾರ ಎನಿಸುತ್ತಾನೆ. ವಕೀಲರ ಸೂಚನೆಯೂ ಅದೇ: ಪತ್ರ ಬರೆಯುವವರು ಅಪರಾಧವೇನೆಂದು ತಿಳಿದಿರಬೇಕು, ತಿಳಿದೂ ಅವನನ್ನು ಏಕೆ ನಂಬುವೆನೆಂದು ಹೇಳಬೇಕು. ನಾನು ಹುಡುಗನೊಡನೆ ದೂರವಾಣಿಯಲ್ಲಿ ಮಾತಾಡಿದೆ. ಎಲ್ಲವನ್ನೂ ಹೇಳಿದನು. ಅವನು ಪ್ರಸಾದ ನಿಲಯದಲ್ಲಿದ್ದ ಮೂರು ವರುಷ ನಾನು ಕಂಡದ್ದನ್ನೂ, ಆಮೇಲೆ ಪ್ರತಿವರುಷ ಇಬ್ಬರು ಹುಡುಗರ ಓದಿನ ವೆಚ್ಚವನ್ನು ಅವನು ಕಳಿಸುತ್ತಿದ್ದುದನ್ನೂ, ತಪ್ಪನ್ನು ನನ್ನೆದುರು ಮುಚ್ಚಿಡಲಿಲ್ಲವೆಂಬುದನ್ನೂ ಬರೆದು ಸಹಿ ಹಾಕಿದೆ.

ತಾಯಿಯ ಪತ್ರವೂ ಬೇಕಾಗಿತ್ತು. ಆದರೆ ತಾಯಿಗೆ ಏನೂ ತಿಳಿದಿರಲಿಲ್ಲ. ‘ವೀಸಾ ತೊಂದರೆ’ ಎಂದಷ್ಟೇ ಹೇಳಿ ಒಂದು ವರುಷ ದೂಡಿದ್ದರು. ಗಂಡನನ್ನು ಕಳೆದುಕೊಂಡ ಜೀವ, ಕೇಳಿದರೆ ಹಾಸಿಗೆ ಹಿಡಿದಾರೆಂಬ ಭಯ ಮನೆಯವರಿಗೆ. ಅವರ ಹೆಸರಿನಲ್ಲಿ ನಾವೇ ಬರೆದು ಹೆಬ್ಬೆರಳು ಒತ್ತಿಸಿಕೊಂಡರಾಗದೆ ಎಂಬ ಮಾತೂ ಬಂತು. ಅದಕ್ಕೆ ನಾನು ಒಪ್ಪಲಿಲ್ಲ. ಹೇಳುವುದಾದರೆ ಮಗನೇ ಹೇಳಲಿ ಎಂದೆ. ಹೇಳಿದನು. ಆ ದಿನವೆಲ್ಲ ಅವರು ಯಾರೊಡನೆಯೂ ಮಾತಾಡಲಿಲ್ಲವಂತೆ. ಮರುದಿನ ಮುಂಜಾನೆ ನನ್ನನ್ನು ಕರೆಕಳಿಸಿದರು.

“ಬರ್ಕೊಳ್ರಿ ಶಾಸ್ತ್ರಿಗಳೆ. ತಪ್ಪು ಮಾಡ್ಯಾನ. ಸಣ್ಣಾಂವ ಇದ್ದಾಗ ಮನ್ಯಾಗ ರೊಟ್ಟಿಗೆ ಹಿಟ್ಟಿರಲಿಲ್ಲ, ಆಗ ಮಂದಿ ಹೊಲದಾಗಿನ ಶೇಂಗಾ ಸೈತ ಮುಟ್ಟಿದಾಂವ ಅಲ್ಲ. ಎಲ್ಲಾ ಇದ್ದಾಗ ಮುಟ್ಯಾನ. ಅದ ನನಗ ತಿಳೀವಲ್ದು. ರೊಕ್ಕಾ ತಿರುಗಿ ಕೊಟ್ಟೀನಿ ಅಂದ. ನನ್ನ ಕಡೆ ಮುಚ್ಚಿಟ್ಟಿದ್ದಕ್ಕ ಅತ್ತ. ಅವನ ಮಕ್ಕಳು ನನಗ ಅಮ್ಮಾ ಅಂತ ಫೋನಿನ್ಯಾಗ ಕರೀತಾವ, ಅವಕ್ಕ ಇಲ್ಲಿ ಮಾತ ಬರೂದಿಲ್ಲ, ಅಪ್ಪ ಇಲ್ಲದ ಅಲ್ಲೆ ಹ್ಯಾಂಗ ಇರತಾವ?”

ಬರೆದುಕೊಂಡೆ. ‘ಅದ ನನಗ ತಿಳೀವಲ್ದು’ ಎಂಬ ಮಾತನ್ನು ಇಡಬೇಕೋ ಬಿಡಬೇಕೋ ಎಂದು ನಮಗೆ ಅನುಮಾನವಾಯಿತು. ಮಗನಿಗೆ ಅದರಿಂದ ಹಾನಿಯಾದೀತೇನೋ! ವಕೀಲರನ್ನು ಕೇಳಿದೆವು. ಒಂದು ಅಕ್ಷರವನ್ನೂ ತೆಗೆಯಬೇಡಿ ಎಂದರು. ಬಿಳಿಯ ಸಾಕ್ಷಿ ಬೇಕೆಂದು ಹಟ ಹಿಡಿದಿದ್ದ ದೇಶದ ಕಡತಕ್ಕೆ ಹೆಬ್ಬೆರಳಿನ ಗುರುತಿನ ಆ ಕನ್ನಡ ಪತ್ರ ಅನುವಾದದೊಡನೆ ಸೇರಿತು.

2024ರಲ್ಲಿ ಪೂರ್ಣ ವಿಚಾರಣೆ ನಡೆಯಿತು. ಪ್ರಮಾಣ ಮಾಡಿಸಿ ಅವನನ್ನು ಎರಡು ಗಂಟೆ ಪ್ರಶ್ನಿಸಿದರಂತೆ. ಬಿಲ್ಲುಗಳು ಎಷ್ಟು, ಯಾವ ತಿಂಗಳು, ಸಿಕ್ಕಿಬೀಳದಿದ್ದರೆ ನಿಲ್ಲಿಸುತ್ತಿದ್ದೆಯಾ ಎಂದೆಲ್ಲ ಸರಕಾರದ ವಕೀಲರು ಕೇಳಿದರು. ಕೊನೆಯ ಪ್ರಶ್ನೆಗೆ ‘ಗೊತ್ತಿಲ್ಲ’ ಎಂದನಂತೆ. ಮಡದಿಯೂ ಸಾಕ್ಷಿ ನುಡಿದಳು. ನ್ಯಾಯಾಧೀಶರು ತಾಯಿಯ ಪತ್ರವನ್ನು ಎತ್ತಿಕೊಂಡು, ಇದು ನಿನ್ನ ತಾಯಿಯ ಮಾತೇ ಎಂದು ಕೇಳಿ ಸುಮ್ಮನಾದರು. ಗಡೀಪಾರು ರದ್ದಾಯಿತೆಂಬ ತೀರ್ಪನ್ನು ಅಂದೇ ಬಾಯಿಂದ ಹೇಳಿದರು. ಸರಕಾರದ ವಕೀಲರು ಮೇಲ್ಮನವಿ ಬೇಡವೆಂದರು. ಈ ಅನುಗ್ರಹ ಒಬ್ಬ ಮನುಷ್ಯನಿಗೆ ಆಯುಷ್ಯದಲ್ಲಿ ಒಂದೇ ಸಲ. ಇನ್ನೊಮ್ಮೆ ಪ್ರಕರಣವಾದರೆ ಆ ಅರ್ಜಿಯನ್ನು ಹಾಕುವಂತಿಲ್ಲ.

ಸುದ್ದಿ ಮುಟ್ಟಿಸಲು ಹೋದಾಗ ತಾಯಿ ಕೇಳಿದ್ದು ಒಂದೇ: ಮುಂದಿನ ವರ್ಷ ಅಪ್ಪನ ಪುಣ್ಯಸ್ಮರಣೆಗೆ ಬಂದಾನೇ? ವಕೀಲರನ್ನು ಕೇಳಿ, ತೀರ್ಪಿನ ಪ್ರತಿ ಕೈಯಲ್ಲಿ ಹಿಡಿದುಕೊಂಡೇ ವಿಮಾನ ಹತ್ತು ಎಂದು ಹೇಳಿದ್ದೇನೆ ತಾಯಿ, ಎಂದೆ.