ಗೋಕುಲದ ಇಂಟರ್‌ಮೀಡಿಯೆಟ್

ಅರಮನೆ, ಚಾಮುಂಡಿ ಬೆಟ್ಟಗಳಿಗಾಗಿ ಮೈಸೂರಿಗೆ ಬಂದವರು ಎರಡು ದಿನಗಳಲ್ಲಿ ಹಿಂತಿರುಗುತ್ತಾರೆ. ಗೋಕುಲಂ ಬಡಾವಣೆಗೆ ಬರುವ ವಿದೇಶೀಯರು ತಿಂಗಳುಗಟ್ಟಲೆ ನಿಲ್ಲುತ್ತಾರೆ. ನಸುಕಿನಲ್ಲಿ ಚಾಪೆಯನ್ನು ಹೆಗಲಿಗೇರಿಸಿ ನಡೆಯುವ ಇವರಲ್ಲಿ ಹಲವರ ಹಂಬಲ ಯೋಗಶಿಕ್ಷಕರಾಗುವುದು.

1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆದರು. ಅವರ ಶಿಷ್ಯರಾದ ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರದಲ್ಲಿ ತಮ್ಮ ಸಂಸ್ಥೆಯನ್ನು ಸ್ಥಾಪಿಸಿದರು.

ಇಲ್ಲಿಯ ಪರೀಕ್ಷಾಕ್ರಮ ನಮ್ಮಂಥ ಕಾಲೇಜು ಮೇಷ್ಟರುಗಳಿಗೆ ವಿಚಿತ್ರವೆನಿಸೀತು. ಪ್ರಶ್ನಪತ್ರಿಕೆಯಿಲ್ಲ, ಅಂಕಪಟ್ಟಿಯಿಲ್ಲ. ಒಂದೇ ಕೋಣೆಯಲ್ಲಿ ಪ್ರತಿಯೊಬ್ಬನೂ ತನ್ನ ಉಸಿರಿನ ಗತಿಗೆ ತಕ್ಕಂತೆ ಅಭ್ಯಾಸ ಮಾಡುತ್ತಾನೆ. ಒಂದು ಆಸನ ಸಿದ್ಧಿಸಿತೆಂದು ಗುರುವಿಗೆ ತೋರಿದರೆ ಮಾತ್ರ ಮುಂದಿನದು. ಮೊದಲ ಸರಣಿ ಯೋಗಚಿಕಿತ್ಸಾ, ಎರಡನೆಯದು ನಾಡೀಶೋಧನ. ಇಂಗ್ಲಿಷಿನಲ್ಲಿ ಇದಕ್ಕೆ ‘ಇಂಟರ್‌ಮೀಡಿಯೆಟ್’ ಎಂದೇ ಹೆಸರು. ಆದರೆ ಎರಡು ವರ್ಷಗಳಲ್ಲಿ ಮುಗಿಯುತ್ತಿದ್ದ ನಮ್ಮ ಹಿರಿಯರ ಇಂಟರ್‌ಮೀಡಿಯೆಟ್ ಅಲ್ಲ! ನಿಂತಲ್ಲಿಂದಲೇ ಹಿಂದಕ್ಕೆ ಬಾಗಿ, ಅಂಗೈಗಳನ್ನು ನೆಲಕ್ಕೂರಿ, ಮತ್ತೆ ಎದ್ದು ನಿಲ್ಲಬಲ್ಲವನಿಗೇ ಅದರ ಮೊದಲ ಪಾಠವಾದ ಪಾಶಾಸನ. ಮುಂದೆ ಕಪೋತಾಸನ ಬಹುಕಾಲ ತಡೆದು ನಿಲ್ಲಿಸುತ್ತದೆ. ಅದೆಲ್ಲವನ್ನೂ ದಾಟಿದರೂ ಕಲಿಸುವ ಅನುಮತಿ ಗುರುವಿನ ವಿವೇಚನೆಗೆ ಬಿಟ್ಟದ್ದು.

ಇನ್ನೂರು ಗಂಟೆಗಳ ಶಿಕ್ಷಣಕ್ಕೆ ಪ್ರಮಾಣಪತ್ರ ನೀಡುವ ಶಾಲೆಗಳೂ ಇದೇ ಊರಿನಲ್ಲಿವೆ. ರಜೆಯೂ ಹಣವೂ ಮಿತವಾಗಿರುವವರು ಅಲ್ಲಿಗೆ ಹೋದರೆ ದೂರಲಾರೆವು. ಆದರೂ ಪರರ ಬೆನ್ನುಮೂಳೆಯ ಮೇಲೆ ಕೈಯಿಡುವ ವಿದ್ಯೆಗೆ ಗಂಟೆಗಳ ಲೆಕ್ಕ ಸಾಲದೆಂದೇ ನನ್ನ ಎಣಿಕೆ.

ಗುರುವಿನ ಮಾತನ್ನೇ ನಂಬಿದ ಕ್ರಮಕ್ಕೂ ತನ್ನದೇ ಸಂಕಟವುಂಟು. ಜೋಯಿಸರು 2009ರಲ್ಲಿ ತೀರಿಕೊಂಡರು. ಅವರ ಬಳಿಕ ಅನುಮತಿ ನೀಡುತ್ತಿದ್ದ ಮೊಮ್ಮಗ ಶರತ್ ಜೋಯಿಸರು 2024ರ ನವೆಂಬರಿನಲ್ಲಿ ಅಮೆರಿಕದಲ್ಲಿ ಹಠಾತ್ತನೆ ನಿಧನರಾದಾಗ, ಎರಡನೆಯ ಸರಣಿಯ ನಡುದಾರಿಯಲ್ಲಿದ್ದ ಶಿಷ್ಯರಿಗೆ ಮುಂದಿನ ಆಸನವನ್ನು ಯಾರು ಕೊಡಬೇಕೆಂಬುದೇ ಪ್ರಶ್ನೆಯಾಯಿತು.