ಕೊನೆಯ ಸಾಲಿಗೂ ಕೇಳಿಸುವ ಹಾಗೆ

ಮೈಸೂರು ದಸರಾ ಪಂಚಾಂಗದ ಲೆಕ್ಕದಲ್ಲಿ ಹತ್ತು ದಿನದ ಹಬ್ಬ. ಹುಲ್ಲಹಳ್ಳಿ ಸೀಮೆಯವರ ಲೆಕ್ಕದಲ್ಲಿ ಅದು ನಡುವೆ ಬರುವ ಒಂದು ಶನಿವಾರ ಮತ್ತು ಒಂದು ಭಾನುವಾರ. ವಿಜಯದಶಮಿಯ ಜಂಬೂಸವಾರಿಗೆ ಹೋದವರಿಗೆ ಆನೆಯ ಕಿವಿಯೂ ಮುಂದೆ ನಿಂತವರ ಬೆನ್ನೂ ಕಂಡರೆ ಅದೇ ಭಾಗ್ಯ; ಅಂಬಾರಿ ನೋಡಲು ಮನೆಯ ಟಿ.ವಿ.ಯೇ ವಾಸಿ ಎಂಬುದು ಊರಿನ ಅನುಭವಸ್ಥರ ತೀರ್ಪು. ಆದರೆ ಸಂಗೀತ ಕೇಳಬೇಕು, ನಾಟಕ ನೋಡಬೇಕು ಎನ್ನುವವರು ಬಸ್ಸು ಹತ್ತಲೇಬೇಕು. ಹುಲ್ಲಹಳ್ಳಿ ಅಣೆಯ ನಾಲೆಯ ಕೆಳಗೆ ಭತ್ತದ ನಾಟಿ ಮುಗಿದು, ಕೊಯ್ಲಿಗೆ ಇನ್ನೂ ಹೊತ್ತಿರುವ ಕಾಲ ಅದು. ಕಪಿಲೆಯ ದಡದಿಂದ ನಂಜನಗೂಡು, ಅಲ್ಲಿಂದ ಬಸ್ಸಿನಲ್ಲೋ ರೈಲಿನಲ್ಲೋ ಮೈಸೂರು.

ಈ ಹಬ್ಬವನ್ನು ಮೈಸೂರಿನ ಒಡೆಯರಲ್ಲಿ ಮೊದಲು ನಡೆಸಿದವರು ರಾಜ ಒಡೆಯರು, 1610ರಲ್ಲಿ, ಶ್ರೀರಂಗಪಟ್ಟಣದಲ್ಲಿ. ಟಿಪ್ಪುವಿನ ಪತನದ ನಂತರ ರಾಜಧಾನಿಯ ಜೊತೆಗೆ ಹಬ್ಬವೂ ಮೈಸೂರಿಗೆ ಬಂತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ದರ್ಬಾರು ಅದರ ಮುಖ್ಯ ಅಂಗವಾಯಿತು. ದರ್ಬಾರಿದ್ದಲ್ಲಿ ಸಂಗೀತ ಇರಲೇಬೇಕು. ನಾಲ್ವಡಿಯವರ ಆಳ್ವಿಕೆಗೆ ಬರುವ ಹೊತ್ತಿಗೆ ಆಸ್ಥಾನದ ವಿದ್ವಾಂಸರ ಪಟ್ಟಿಯೇ ಒಂದು ಮಹಾಸಭೆಯಂತಿತ್ತು. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯ, ಹರಿಕೇಶನಲ್ಲೂರಿನ ಮುತ್ತಯ್ಯ ಭಾಗವತರು ಅವರಲ್ಲಿ ಕೆಲವರು. ಉತ್ತರಾದಿಯವರಿಗೂ ಬಾಗಿಲು ತೆರೆದಿತ್ತು. ಫೈಯಾಜ್ ಖಾನರಿಗೆ ‘ಆಫ್ತಾಬ್-ಎ-ಮೌಸಿಕಿ’ ಎಂಬ ಬಿರುದು ಬಂದದ್ದು ಮೈಸೂರಿನಿಂದ. ಗ್ರಾಮಫೋನ್ ತಟ್ಟೆಯಿಂದ ದೇಶಕ್ಕೆಲ್ಲ ಹೆಸರಾಗಿದ್ದ ಗೌಹರ್ ಜಾನ್ 1928ರಲ್ಲಿ ಅರಮನೆಯ ಗಾಯಕಿಯಾಗಿ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಇಷ್ಟೆಲ್ಲ ಸಂಗೀತ ಕೇಳಿದವರು ಯಾರು ಎಂಬುದು ಹಳ್ಳಿಯವರಿಗೆ ಸಹಜವಾಗಿ ಹುಟ್ಟುವ ಪ್ರಶ್ನೆ. ಮೊದಲಿನ ಅರಮನೆ 1897ರಲ್ಲಿ ಬೆಂಕಿಗೆ ಸಿಕ್ಕಿತು. ಹೆನ್ರಿ ಇರ್ವಿನ್ನನ ವಿನ್ಯಾಸದ ಈಗಿನ ಅರಮನೆ ಸಿದ್ಧವಾದದ್ದು 1912ರಲ್ಲಿ. ಅದರ ದರ್ಬಾರು ಸಭಾಂಗಣಕ್ಕೆ ಮುಂಗಡೆ ಗೋಡೆಯಿಲ್ಲ, ಕಂಬಗಳ ನಡುವಿನಿಂದ ನೇರವಾಗಿ ಕೆಳಗಿನ ಮೈದಾನ ಕಾಣುತ್ತದೆ. ಒಳಗೆ ಕೂರಲು ಆಹ್ವಾನ ಬೇಕು, ದರ್ಬಾರು ಪೋಷಾಕು ಬೇಕು, ಪೇಟ ಬೇಕು. ಇದಾವುದೂ ಇಲ್ಲದವರು ಮೈದಾನದಲ್ಲಿ ನಿಂತು ದೀಪ ನೋಡಬಹುದಿತ್ತು, ಪಟಾಲಮ್ಮು ನೋಡಬಹುದಿತ್ತು, ಬ್ಯಾಂಡು ಕೇಳಬಹುದಿತ್ತು. ಆದರೆ ಶೇಷಣ್ಣನವರ ವೀಣೆಯ ಮೀಟು ಅಷ್ಟು ದೂರ ಬರುವಂಥದ್ದಲ್ಲ. ಮೈಸೂರು ಸಂಗೀತದ ಸುವರ್ಣಯುಗ ಎಂದು ಪುಸ್ತಕಗಳು ಬಣ್ಣಿಸುವ ಕಾಲದಲ್ಲಿ ನಂಜನಗೂಡು ಸೀಮೆಯ ರೈತನ ಪಾಲಿಗೆ ಬಿದ್ದದ್ದು ಹೆಚ್ಚಾಗಿ ಬ್ಯಾಂಡು ಮತ್ತು ಬಾಣಬಿರುಸು.

ಕೊನೆಯ ಸಾಲಿನವರ ಕಷ್ಟವನ್ನು ಗಂಭೀರವಾಗಿ ತೆಗೆದುಕೊಂಡ ಸಂಗೀತಗಾರ ಇದೇ ಸೀಮೆಯವರು ಎಂಬುದು ಆಕಸ್ಮಿಕವೇ ಇರಬಹುದು, ಆದರೂ ಹೇಳಿಕೊಳ್ಳಲು ಹಿತವಾಗಿದೆ. ಕಪಿಲೆ ಹೋಗಿ ಕಾವೇರಿಯನ್ನು ಸೇರುವ ತಿರುಮಕೂಡಲು ನರಸೀಪುರದಲ್ಲಿ 1895ರಲ್ಲಿ ಹುಟ್ಟಿದ ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಗುರುವಿನ ಮನೆಯ ಶಿಸ್ತು ಕಠಿಣ. ಅಷ್ಟೇ ಕಠಿಣವಾದದ್ದು ಅವರ ಶಾರೀರಕ್ಕೆ ಪಿಟೀಲು ಹಿಡಿಯುವ ಕೆಲಸ. ಧ್ವನಿವರ್ಧಕ ಇನ್ನೂ ಬಳಕೆಗೆ ಬರದ ಕಾಲ. ತುಂಬಿದ ಸಭೆಯಲ್ಲಿ ಹಿಂದೆ ಕೂತವರಿಗೆ ಹಾಡು ಕೇಳಿಸುತ್ತಿತ್ತು, ಪಿಟೀಲು ಕೇಳಿಸುತ್ತಿರಲಿಲ್ಲ. ಚೌಡಯ್ಯ 1920ರ ದಶಕದಲ್ಲಿ ಇದಕ್ಕೊಂದು ಉಪಾಯ ಹುಡುಕಿದರು: ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆ ತಂತಿ ಕಟ್ಟಿ, ಒಂದೇ ಕಮಾನಿನಲ್ಲಿ ಎರಡು ಸ್ಥಾಯಿ ಒಟ್ಟಿಗೆ ನುಡಿಯುವಂತೆ ಮಾಡಿದರು. ಏಳು ತಂತಿಯ ಪಿಟೀಲು ಹುಟ್ಟಿದ್ದು ಹೀಗೆ. ಅದನ್ನು ನುಡಿಸುವುದು ಸುಲಭವಲ್ಲ. ಜೊತೆ ತಂತಿಗಳೆರಡನ್ನೂ ಬೆರಳು ಒಮ್ಮೆಗೇ ಒತ್ತಬೇಕು, ಶ್ರುತಿ ಕೂದಲೆಳೆಯಷ್ಟು ಸರಿದರೂ ಎರಡು ಪಟ್ಟು ಕರ್ಕಶ. ಅರಿಯಕ್ಕುಡಿ, ಚೆಂಬೈ, ಮುಸಿರಿ, ಜಿ.ಎನ್.ಬಿ. ಅವರಂಥ ಗಾಯಕರಿಗೆಲ್ಲ ಅವರು ಈ ವಾದ್ಯದಲ್ಲೇ ಪಕ್ಕವಾದ್ಯ ನುಡಿಸಿದರು. ‘ತ್ರಿಮಕುಟ’ ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. 1943ರಲ್ಲಿ ‘ವಾಣಿ’ ಎಂಬ ಚಲನಚಿತ್ರ ತೆಗೆಯುವ ಸಾಹಸಕ್ಕೂ ಇಳಿದರು. 1957ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಬಂತು. 1967ರಲ್ಲಿ ತೀರಿಕೊಂಡರು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಪಿಟೀಲಿನ ಆಕಾರದಲ್ಲೇ ಎದ್ದ ಸ್ಮಾರಕ ಭವನವನ್ನು ಎಲ್ಲರೂ ಬಲ್ಲರು. ಮೈಕು ಬಂದ ಮೇಲೆ ಏಳು ತಂತಿಯ ಅಗತ್ಯ ಕಡಿಮೆಯಾಯಿತು. ಈಗ ಅದನ್ನು ನುಡಿಸುವವರು ಅಪರೂಪ.

ಕೇಳುಗರ ಸಾಲು ನಿಜವಾಗಿ ಉದ್ದವಾದದ್ದು ರೇಡಿಯೊದಿಂದ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು, ಅದೇ ‘ಆಕಾಶವಾಣಿ’. ಪೇಟ ಕಟ್ಟದೆಯೂ ವಿದ್ವಾಂಸರನ್ನು ಕೇಳುವ ದಾರಿ ಆಗ ತೆರೆಯಿತು. 1971ರಲ್ಲಿ ರಾಜಧನ ರದ್ದಾದ ಸುಮಾರಿಗೆ ದರ್ಬಾರಿನ ದಸರಾ ಅರಮನೆಯ ಖಾಸಗಿ ಆಚರಣೆಯಾಗಿ ಒಳಗೆ ಸರಿಯಿತು, ನಾಡಹಬ್ಬದ ದಸರಾ ಸರ್ಕಾರದ ಕೈಗೆ ಬಂತು. ಅಂಬಾರಿಯಲ್ಲಿ ರಾಜರ ಬದಲು ಚಾಮುಂಡೇಶ್ವರಿ ಕೂತಳು. ಮೊದಲು ಪಟಾಲಮ್ಮು ನಿಲ್ಲುತ್ತಿದ್ದ ಅರಮನೆಯ ಅಂಗಳಕ್ಕೆ ವೇದಿಕೆ ಬಂತು, ಕುರ್ಚಿಗಳು ಬಂದವು.

ಇಂದಿನ ಶನಿವಾರದ ಸಂಜೆ ಆ ಅಂಗಳದಲ್ಲೇ ಆರಂಭವಾಗುತ್ತದೆ. ಮುಂದಿನ ಸಾಲುಗಳು ಪಾಸು ಇದ್ದವರಿಗೆ; ದರ್ಬಾರಿನ ಅಷ್ಟು ಪಳೆಯುಳಿಕೆ ಪ್ರಜಾಪ್ರಭುತ್ವದಲ್ಲೂ ಉಳಿದುಕೊಂಡಿದೆ. ಹಿಂದೆ ಮಾತ್ರ ಯಾರು ಬೇಕಾದರೂ ಕೂರಬಹುದು. ಲಕ್ಷಕ್ಕೆ ಹತ್ತಿರದಷ್ಟು ಬಲ್ಬುಗಳು ಒಮ್ಮೆಲೇ ಹತ್ತಿಕೊಂಡಾಗ ರಾಗಾಲಾಪನೆಯ ನಡುವೆಯೂ ಸಭೆ ‘ಹೋ’ ಎನ್ನುತ್ತದೆ, ಗಾಯಕರು ಅದನ್ನು ತಮಗೆ ಬಂದ ಶಹಬ್ಬಾಸ್ ಎಂದುಕೊಂಡು ಮುಂದುವರಿಯುತ್ತಾರೆ. ಆಸ್ಥಾನದ ಕಾಲದಿಂದ ಉಳಿದು ಪೊಲೀಸ್ ಇಲಾಖೆಗೆ ಸೇರಿದ ವಾದ್ಯವೃಂದದ್ದೂ ಒಂದು ಸಂಜೆ ಇರುತ್ತದೆ. ಕ್ಲಾರಿನೆಟ್ಟು, ಸ್ಯಾಕ್ಸೋಫೋನುಗಳಲ್ಲಿ ಕೃತಿ ನುಡಿಸುವ ಆ ಸಮವಸ್ತ್ರದವರಿಗೆ ಸಿಗಬೇಕಾದಷ್ಟು ಹೊಗಳಿಕೆ ಪತ್ರಿಕೆಗಳಲ್ಲಿ ಸಿಕ್ಕಿಲ್ಲ. ಕಚೇರಿಯ ಕೊನೆಯ ಭಾಗ ಹುಲ್ಲಹಳ್ಳಿಯವರಿಗೆ ದಕ್ಕುವುದು ಕಷ್ಟ. ಪಲ್ಲವಿ ಮುಗಿದು ತನಿ ಆವರ್ತನ ಶುರುವಾಗುವ ಹೊತ್ತಿಗೆ ಒಬ್ಬೊಬ್ಬರೇ ಗಡಿಯಾರ ನೋಡಿ ಏಳುತ್ತಾರೆ. ಮೃದಂಗದವರಿಗೆ ಇದು ಅವಮಾನವಲ್ಲ, ಕೊನೆಯ ಬಸ್ಸಿನ ಸಮಯ. ನಗರದಲ್ಲಿ ನಂಟರ ಮನೆಯಿದ್ದವರು ಮಾತ್ರ ಮಂಗಳ ಕೇಳಿದವರು. ಈ ಬರಹಗಾರನಂಥವರು ದಸರಾಕ್ಕೆ ಮೊದಲೇ ಅಂಥ ನಂಟರಿಗೆ ಒಂದು ಗೊನೆ ನಂಜನಗೂಡು ರಸಬಾಳೆ ಮುಟ್ಟಿಸಿಬಿಡುವುದು ಅದಕ್ಕೇ.

ಭಾನುವಾರ ಚದುರಿದ ದಿನ. ಜಗನ್ಮೋಹನ ಅರಮನೆ, ಕಲಾಮಂದಿರ, ಪುರಭವನ, ಗಾನಭಾರತಿ, ಚಿಕ್ಕಗಡಿಯಾರದ ವೇದಿಕೆ ಹೀಗೆ ಒಂದೇ ಹೊತ್ತಿಗೆ ಹಲವು ಕಡೆ ಕಾರ್ಯಕ್ರಮ. ಒಂದನ್ನು ಹಿಡಿದರೆ ಮೂರು ತಪ್ಪುತ್ತವೆ. ಆಹಾರ ಮೇಳದಲ್ಲಿ ಹೆಚ್.ಡಿ. ಕೋಟೆಯ ಆದಿವಾಸಿಗಳ ಬಂಬೂ ಬಿರಿಯಾನಿಗೆ ದೊಡ್ಡ ಸರದಿ. ಪಕ್ಕದ ತಾಲ್ಲೂಕಿನ ಊಟವನ್ನು ತಿನ್ನಲು ನಗರಕ್ಕೆ ಬಂದು ಸಾಲಿನಲ್ಲಿ ನಿಲ್ಲುವುದು ತಮಾಷೆಯೇ. ವೇದಿಕೆಗಳಲ್ಲೂ ಹಾಗೆಯೇ. ಮಾದಪ್ಪನ ಕಂಸಾಳೆ, ಮಂಟೇಸ್ವಾಮಿಯ ಕಥೆ ಹೇಳುವ ನೀಲಗಾರರ ಮೇಳ ಇವೆರಡೂ ನಂಜನಗೂಡು, ತಿ. ನರಸೀಪುರ, ಚಾಮರಾಜನಗರದ ಕಡೆಯವು. ಭರತನಾಟ್ಯದ ಮೈಸೂರು ಶೈಲಿಯಲ್ಲೂ ತಿ. ನರಸೀಪುರ ತಾಲ್ಲೂಕಿನ ಮೂಗೂರಿಗೆ ತನ್ನದೇ ಪರಂಪರೆಯಿದೆ. ಮೂಗೂರು ಅಮೃತಪ್ಪ, ಜೇಜಮ್ಮ ಆ ಮನೆತನದ ದೊಡ್ಡ ಹೆಸರುಗಳು. ಹಳ್ಳಿಯ ಜಗುಲಿಯಲ್ಲಿ ರಾತ್ರಿಯಿಡೀ ನಡೆಯುವ ನೀಲಗಾರರ ಕಥೆಗೆ ನಗರದ ವೇದಿಕೆ ಕೊಡುವುದು ಅರ್ಧ ಗಂಟೆ. ಕಥೆಯಲ್ಲಿ ಧರೆಗೆ ದೊಡ್ಡವರಾದ ಮಂಟೇಸ್ವಾಮಿಯವರು ಇನ್ನೂ ಬಂದೇ ಇರುವುದಿಲ್ಲ, ಅಷ್ಟರಲ್ಲಿ ನಿರೂಪಕರು ಹಾರ ಹಿಡಿದು ಬಂದಿರುತ್ತಾರೆ. ಸಮಯದ ಈ ಜಿಪುಣತನ ಶಾಸ್ತ್ರೀಯ ಕಚೇರಿಗಳಿಗೆ ಅಷ್ಟಾಗಿ ತಟ್ಟದಿರುವುದು ಗಮನಿಸತಕ್ಕ ವಿಷಯ.

ಹರೆಯದವರ ದಸರಾ ಬೇರೆ. ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಕಾಲೇಜು ಹುಡುಗ ಹುಡುಗಿಯರ ಯುವ ಸಂಭ್ರಮ. ಅದರ ಮುಂದಿನ ಮೆಟ್ಟಿಲು ಯುವ ದಸರಾ. ಮಹಾರಾಜ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದ ಅದು 2024ರಲ್ಲಿ ಉತ್ತನಹಳ್ಳಿಯ ಬಯಲಿಗೆ ಹೋಯಿತು. ಆ ವರ್ಷ ಎ.ಆರ್. ರೆಹಮಾನ್, ಇಳಯರಾಜ ಇಬ್ಬರೂ ಬಂದರು. ಅಲ್ಲಿ ಕೊನೆಯ ಸಾಲಿಗೆ ಕೇಳಿಸುವುದಿಲ್ಲ ಎಂಬ ದೂರೇ ಇಲ್ಲ. ಮಧ್ಯವಯಸ್ಕರ ದೂರು ಅದಕ್ಕೆ ತಿರುಗುಮುರುಗಾದದ್ದು.

ಭಾನುವಾರ ರಾತ್ರಿ ನಂಜನಗೂಡಿನ ಕಡೆಗೆ ಹೊರಡುವ ಬಸ್ಸುಗಳಲ್ಲಿ ವಸ್ತುಪ್ರದರ್ಶನದ ದೊಡ್ಡ ಹಪ್ಪಳ ತಿಂದ ಮಕ್ಕಳು ಮಲಗಿರುತ್ತಾರೆ, ಗೆಜ್ಜೆ ಬಿಚ್ಚಿ ಚೀಲಕ್ಕೆ ಹಾಕಿದ ಕಂಸಾಳೆ ತಂಡವೊಂದು ಹಿಂದಿನ ಸೀಟಿನಲ್ಲಿ ಇದ್ದರೂ ಇದ್ದೀತು. ಅವರಲ್ಲಿ ಕೆಲವರು ವಿಜಯದಶಮಿಯಂದು ಮತ್ತೆ ಬಂದು, ಆನೆಯ ಮುಂದೆ ಅರಮನೆಯಿಂದ ಬನ್ನಿಮಂಟಪದವರೆಗೆ ಕುಣಿಯಬೇಕು. ಉಳಿದವರಿಗೆ ಮುಂದಿನ ಸಂಗೀತ ಕೊಯ್ಲು ಮುಗಿದ ಮೇಲೆ, ಕಪಿಲೆಯ ದಡದ ಸುತ್ತೂರಿನ ಜಾತ್ರೆಯಲ್ಲಿ.